ದವನಗೊಂಡೆಗೆ ಗೊತ್ತಿದ್ದ ಕೈ

ಚೆಲುವಾಂಬೆ ತೀರಿಕೊಂಡ ಸುದ್ದಿ ಮೊದಲು ತಿಳಿದದ್ದು ಬಳ್ಳಿಗಳಿಗೆ. ಆಮೇಲೆ ಇನ್ನಾಸಪ್ಪನಿಗೆ. ಆಮೇಲೆ ಕಳೆ ಕೀಳುತ್ತಿದ್ದ ಹೆಂಗಸರಿಗೆ, ಗೇಟಿನ ಕಾವಲುಗಾರನಿಗೆ. ಗಂಡನಾದ ಮೂಡಲಗಿರಿಯಪ್ಪನಿಗೆ ತಿಳಿದದ್ದು ಎಲ್ಲರಿಗಿಂತ ಕಡೆಗೆ.

ಆ ಹೊತ್ತಿನಲ್ಲಿ ಅವನು ಚಿಕ್ಕಬಳ್ಳಾಪುರದ ಪೇಟೆಬೀದಿಯ ತನ್ನ ಗ್ರಂಥಿಗೆ ಅಂಗಡಿಯಲ್ಲಿ ಕುಳಿತು, ಯಾರದೋ ಗೃಹಪ್ರವೇಶಕ್ಕೆ ಅರಿಶಿನ, ಕುಂಕುಮ, ಸಾಂಬ್ರಾಣಿ ಕಟ್ಟುತ್ತಿದ್ದ. ಫೋನು ಬಂತು.

"ಅಯ್ಯಾ, ನಾನು ತೋಟದ ಗೇಟಿನ ಮುನಿರಾಜು. ಅಂಗ್ಡಿ ಬಾಗ್ಲು ಹಾಕ್ಕೊಂಡು ಬನ್ನಿ."

"ಯಾಕೋ, ಏನಾಯ್ತು?"

"ಬನ್ನಿ ಅಯ್ಯಾ. ಇನ್ನಾಸಪ್ಪೋರು ಮೇಡಂ ಹತ್ರಾನೇ ಅವ್ರೆ."

ಬೆಟ್ಟದ ತಪ್ಪಲಿನ ಸಂಶೋಧನಾ ತೋಟಕ್ಕೆ ಅವನು ತಲುಪಿದಾಗ, ಸಾಲಿನ ನಡುವೆ ಎದೆ ನಿಂತು ಬಿದ್ದವಳನ್ನು ತಂದು ಗೇಟಿನ ಬದಿಯ ತಗಡಿನ ಚಾವಣಿಯ ಕೆಳಗೆ ಚಾಪೆಯ ಮೇಲೆ ಮಲಗಿಸಿದ್ದರು. ತಲೆಯ ಕೆಳಗೆ ಮಡಿಸಿಟ್ಟ ಒಂದು ಗಂಡಸಿನ ಕೋಟು. ಕಣ್ಣು ಮುಚ್ಚಿತ್ತು. ಬದಿಯಲ್ಲಿ ಇನ್ನಾಸಪ್ಪ ಮೊಣಕಾಲೂರಿ ಕುಳಿತಿದ್ದ. ತೋಟಕ್ಕೆ ಸೇರಿದ ಬಿಯರ್ ಮನೆಯ ಮುಖ್ಯಸ್ಥ ಅವನು.

ಮೂಡಲಗಿರಿಯಪ್ಪ ಅಳಲಿಲ್ಲ. ಅವನ ಬಾಯಿಂದ ಮೊದಲು ಬಂದ ಮಾತು, "ಕಣ್ಣು ಮುಚ್ಚಿದ್ದು ಯಾರು?"

"ನಾನೇ ಸ್ವಾಮಿ," ಎಂದ ಇನ್ನಾಸಪ್ಪ. "ಕಂಟ್ರೋಲ್ ರೂಮಿನಲ್ಲಿ ಟೀ ಕುಡೀತಿದ್ದೆ. ಪರದೆ ಮೇಲೆ ಅಲೆ ಎಲ್ಲಾ ಒಟ್ಟಿಗೆ ಮಲಗಿಬಿಡ್ತು. ಬಳ್ಳಿ ಹೇಳ್ತು, ನಾನು ಓಡಿದೆ."

ಬಳ್ಳಿ ಹೇಳಿತು, ನಾನು ಓಡಿದೆ. ಆ ಮಾತನ್ನು ಮೂಡಲಗಿರಿಯಪ್ಪ ಮನಸ್ಸಿನಲ್ಲೇ ಇನ್ನೊಮ್ಮೆ ಅಂದುಕೊಂಡ. ಕೈಹಿಡಿದವಳ ಕಣ್ಣು ಮುಚ್ಚುವ ಹಕ್ಕು ಕೈಹಿಡಿದವನದಲ್ಲವೇ? ಅದೂ ಈ ಇನ್ನಾಸಪ್ಪನ ಪಾಲಿಗೆ ಹೋಯಿತಲ್ಲ.

ಈ ಬಳ್ಳಿಯ ವಿಚಾರ ಸ್ವಲ್ಪ ಹೇಳಬೇಕು.

ಹಾಪ್ಸ್ ಬಳ್ಳಿ ಇಲ್ಲದೆ ಬಿಯರ್ ಇಲ್ಲ. ಮೊಳಕೆ ಬರಿಸಿದ ಬಾರ್ಲಿಯ ಸಿಹಿ ಕಷಾಯಕ್ಕೆ ಕಹಿಯನ್ನೂ ಘಮವನ್ನೂ ಕೊಡುವುದು ಆ ಬಳ್ಳಿಯ ಹೆಣ್ಣುಹೂವಿನ ಗೊಂಡೆ. ಎಸಳಿನ ಬುಡದಲ್ಲಿ ಅರಿಶಿನದಂಥ ಅಂಟು ಹುಡಿ ಇರುತ್ತದೆ, ಸತ್ವವೆಲ್ಲ ಅದರಲ್ಲಿ. ಆದರೆ ಅದು ಚಳಿದೇಶದ ಬಳ್ಳಿ. ಉದ್ದುದ್ದನೆಯ ಹಗಲುಗಳನ್ನು ಉಂಡು ಎತ್ತರಕ್ಕೆ ಬೆಳೆದ ಮೇಲೆಯೇ ಚೆನ್ನಾಗಿ ಹೂ ಬಿಡುವುದು. ನಮ್ಮ ಸೀಮೆಯ ಹಗಲು ಅದಕ್ಕೆ ಸಾಲದು. ಮಂಡಿಯೆತ್ತರ ಬಂದು ಮಂಕಾಗಿ ನಿಂತುಬಿಡುತ್ತದೆ. ಮೊದಮೊದಲು ಸಂಜೆಯ ಮೇಲೆ ದೀಪ ಹಚ್ಚಿ ಹಗಲನ್ನು ಉದ್ದ ಮಾಡಿ ಬೆಳೆಯುತ್ತಿದ್ದರು. ಆಮೇಲೆ ಕತ್ತಲೆ ಕಾಯಿದೆ ಬಂತು. ಹುಳು ಹಕ್ಕಿಗಳು ದಾರಿತಪ್ಪಿ ಸಾಯುತ್ತವೆ, ಸೂರ್ಯ ಮುಳುಗಿದ ಮೇಲೆ ಬಯಲಿನಲ್ಲಿ ದೀಪ ಕೂಡದು ಎಂದು ಸರ್ಕಾರ ತಡೆಯಿತು. ಹಾಪ್ಸ್ ತೋಟಗಳು ಒಂದೊಂದಾಗಿ ಮುಚ್ಚಿದವು.

ಆಗ ಈ ತೋಟದ ವಿಜ್ಞಾನಿಯಾಗಿದ್ದ ಚೆಲುವಾಂಬೆ ಒಂದು ಪ್ರಶ್ನೆ ಕೇಳಿದಳು. ಹಗಲು ಉದ್ದವಾಯಿತೆಂದು ಬಳ್ಳಿಗೆ ಬೆಳಕೇ ಬಂದು ಹೇಳಬೇಕೇ? ಬೇರೆ ಯಾರಾದರೂ ಹೇಳಬಾರದೇ?

ಹಾಪ್ಸ್ ಬಳ್ಳಿಯ ಮೈಮೇಲೆ ಒರಟು ರೋಮಗಳಿವೆ. ಹಗ್ಗವನ್ನು ಹಿಡಿದು ಏರುವುದು ಅವುಗಳಿಂದಲೇ. ರೋಮಕ್ಕೆ ಏನಾದರೂ ತಗುಲಿದರೆ ಒಂದು ಸಣ್ಣ ವಿದ್ಯುತ್ತು ಎಲೆಯೊಳಕ್ಕೆ ಹರಿಯುತ್ತದೆ. ತಳಿಗೆ ತಳಿ ಕೂಡಿಸಿ, ಸಾವಿರಾರು ಸಸಿ ಕಿತ್ತೆಸೆದು, ಕಡೆಗೆ ಅವಳು ಒಂದು ಬಳ್ಳಿಯನ್ನು ಸಾಧಿಸಿದಳು. ಅದರಲ್ಲಿ ಸ್ಪರ್ಶದ ಸುದ್ದಿಯೂ ಬೆಳಕಿನ ಸುದ್ದಿಯೂ ಒಂದೇ ಮನೆಯ ಬಾಗಿಲು ತಟ್ಟುತ್ತಿದ್ದವು. ಸೂರ್ಯ ಹುಟ್ಟುವ ಮುಂಚೆ ಒಮ್ಮೆ, ಮುಳುಗಿದ ಮೇಲೆ ಒಮ್ಮೆ, ಕಂಬವನ್ನು ಸುತ್ತುತ್ತ ಬಳ್ಳಿಯ ಮೈ ಸವರಿದರೆ ಸಾಕು. ಅದು ಹಗಲೆಂದೇ ತಿಳಿಯುತ್ತಿತ್ತು. ರಬ್ಬರಿನ ಯಂತ್ರದ ಕೈ ಮಾಡಿ ನೋಡಿದರು. ಗಾಳಿ ಬಂದುಹೋಯಿತೆಂಬಂತೆ ಬಳ್ಳಿ ಅದನ್ನು ಲೆಕ್ಕಕ್ಕೇ ಇಡಲಿಲ್ಲ. ಬೆಚ್ಚಗಿನ ಮನುಷ್ಯರ ಕೈ ಬೇಕು, ಅದೇ ಕೈ ಬೇಕು, ಅದೇ ನಡಿಗೆ ಬೇಕು. ಕೈ ಬದಲಾದರೆ ಮುನಿಸು. ಕೂದಲೆಳೆಯ ತಂತಿಗಳು ಬಳ್ಳಿಯ ಮನಸ್ಸನ್ನು ಕಂಟ್ರೋಲ್ ರೂಮಿನ ಪರದೆಗೆ ಒಯ್ಯುತ್ತಿದ್ದವು. ಅವಳು ತೋಟಕ್ಕಿಳಿದರೆ ಹಸಿರು ಅಲೆಗಳು ಸಾಲುಸಾಲಾಗಿ ಎದ್ದು ನಿಲ್ಲುತ್ತಿದ್ದವಂತೆ.

ಆ ಗೊಂಡೆಯನ್ನು ಉಜ್ಜಿದರೆ ದವನದ ವಾಸನೆ. ಅದಕ್ಕೇ ಅವಳು ತಳಿಗೆ ದವನಗೊಂಡೆ ಎಂದು ಹೆಸರಿಟ್ಟಳು.

ಇದಿಷ್ಟೂ ಮೂಡಲಗಿರಿಯಪ್ಪನಿಗೆ ಕೇಳಿ ಗೊತ್ತು, ಕಂಡು ಗೊತ್ತಿಲ್ಲ. ಅವನು ಈಡಿಗರ ಮನೆಯವನು. ತಾತ ಈಚಲ ಮರ ಹತ್ತಿ ಹೆಂಡ ಇಳಿಸಿದವನು. ಅಪ್ಪ ಕುಡಿದೇ ಹೋದವನು. ಅಪ್ಪ ಹೋದ ವರ್ಷ ರೇಣುಕಾ ಎಲ್ಲಮ್ಮನ ಗುಡಿಯಲ್ಲಿ ಹಣೆ ನೆಲಕ್ಕಿಟ್ಟು ಆಣೆ ಮಾಡಿದ್ದ: ಕುಡಿಯುವುದಿಲ್ಲ, ಕುಡಿತದ ತಾವಿಗೂ ಕಾಲಿಡುವುದಿಲ್ಲ. ಅಷ್ಟು ವರ್ಷ ಹೆಂಡತಿಯನ್ನು ಗೇಟಿನ ತನಕ ಬಿಟ್ಟು ತಿರುಗಿ ಬರುತ್ತಿದ್ದನೇ ಹೊರತು ಒಂದು ದಿನವೂ ಒಳಗೆ ಹೋಗಲಿಲ್ಲ. ಹೊಸ ಬಿಯರಿನ ರುಚಿ ನೋಡಿದ ದಿನ ಅವಳು ಲವಂಗ ಅಗಿಯುತ್ತ ಮನೆಗೆ ಬರುತ್ತಿದ್ದಳು. ಲವಂಗ ಅವನ ಅಂಗಡಿಯದೇ. ಅವನು ಮೂಗಿಗೆ ಗೊತ್ತಾದದ್ದನ್ನು ಬಾಯಿಗೆ ತರುತ್ತಿರಲಿಲ್ಲ.

ಮಕ್ಕಳಿರಲಿಲ್ಲವಾಗಿ ಗಂಡನೇ ಬೆಂಕಿ ಇಟ್ಟ. ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಚಿತೆಯನ್ನು ಎಡಕ್ಕೆ ಸುತ್ತಿದ. ದೇವರಿಗೆ ಬಲಕ್ಕೆ, ಸತ್ತವರಿಗೆ ಎಡಕ್ಕೆ. ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ, ಕಾಲಿಗೇ ಗೊತ್ತಿರುತ್ತದೆ. ದೂರದಲ್ಲಿ ಹುಣಸೆಮರದ ಕೆಳಗೆ ಇನ್ನಾಸಪ್ಪ ಟೋಪಿ ಕೈಯಲ್ಲಿ ಹಿಡಿದು ಬಿಕ್ಕಿಬಿಕ್ಕಿ ಅಳುತ್ತಿದ್ದ.

"ಯಾರೋ ಅದು, ಒಡಹುಟ್ಟಿದೋನ ಥರಾ ಅಳ್ತಾನೆ?" ಎಂದು ಮನೆಗೆ ಬಂದ ಮೇಲೆ ಕೇಳಿದಳು ಅಕ್ಕ ಹೊನ್ನಕ್ಕ. ಗಂಡ ಸತ್ತಮೇಲೆ ತಮ್ಮನ ಮನೆಯಲ್ಲೇ ಇದ್ದವಳು.

"ಅವನಾ? ಬಿಯರ್ ಕಾಯಿಸೋನು."

"ಅಷ್ಟೊಂದು ಅಳೋದಾ?"

"ನನ್ನ ಪಾಲಿಂದೂ ಅವನೇ ಅತ್ತ ಅಂತ ಕಾಣತ್ತೆ," ಎಂದ ಮೂಡಲಗಿರಿಯಪ್ಪ.

ಹನ್ನೊಂದರ ಕಾರ್ಯ ಮುಗಿದ ಮೇಲೆ ತೋಟದ ನಿರ್ದೇಶಕಿ ಡಾಕ್ಟರ್ ನಸ್ರೀನ್ ಮನೆಗೆ ಬಂದಳು. ಚೆಲುವಾಂಬೆಯ ಕೈಕೆಳಗೆ ಕಲಿತು ಮೇಲೆ ಬಂದ ಹುಡುಗಿ. ಹೊನ್ನಕ್ಕ ಕೊಟ್ಟ ಮಜ್ಜಿಗೆಯನ್ನು ಕೈಯಲ್ಲಿ ಹಿಡಿದೇ ಇದ್ದಳು; ಕುಡಿಯಲಿಲ್ಲ.

"ಅಂಕಲ್, ಬಳ್ಳಿ ಬೆಳೆಯೋದು ನಿಲ್ಲಿಸಿಬಿಟ್ಟಿವೆ. ನಾನು ಸವರಿದೆ, ಆಳುಗಳು ಸವರಿದ್ರು, ಅಲೆ ಅಲುಗಲ್ಲ. ಹೀಗೇ ಬಿಟ್ರೆ ಈ ಸಲ ಹೂವಿಲ್ಲ. ಒಂದು ವರ್ಷ ಹೂ ತಪ್ಪಿದ್ರೆ ಈ ತಳಿಯ ಬೇರು ಮತ್ತೆ ಚಿಗುರಲ್ಲ, ಅದು ಮೇಡಂಗೂ ಗೊತ್ತಿದ್ದ ದೋಷ. ಪ್ರಪಂಚದಲ್ಲಿ ಇರೋದು ಇದೊಂದೇ ತೋಟ."

"ಅದಕ್ಕೆ ನಾನೇನಮ್ಮ ಮಾಡ್ಲಿ?"

"ತಳಿಯ ಹಕ್ಕು ಮೇಡಂದು. ಈಗ ನಿಮ್ದು. ನೀವು ಒಪ್ಪದೆ ಬಳ್ಳಿಯನ್ನ ಯಾರ ಕೈಗೂ ಕೊಡೋ ಹಾಗಿಲ್ಲ." ಅವಳು ಲೋಟವನ್ನು ತಿರುಗಿಸಿದಳು. "ಒಬ್ಬರು ಹೋದ್ರೆ ಮಾತ್ರ ಅಲೆ ಅರ್ಧ ಏಳುತ್ತೆ. ಇನ್ನಾಸಪ್ಪನವರು."

ಮೂಡಲಗಿರಿಯಪ್ಪ ಕುಳಿತಲ್ಲೇ ಬೆನ್ನು ನೆಟ್ಟಗೆ ಮಾಡಿದ. "ಅವರನ್ನ ಬಳ್ಳಿ ಹೇಗಮ್ಮ ಗುರುತು ಹಿಡಿಯತ್ತೆ?"

"ಎಂಟು ವರ್ಷ ದಿನಾ ಮೇಡಂ ಹಿಂದೆ ನಡೆದಿದ್ದಾರಲ್ಲ ಅಂಕಲ್. ಬೆಳಗ್ಗೆ, ಸಂಜೆ."

ಈ ಎಂಟು ವರ್ಷದ ಮಾತು ಅವನಿಗೆ ಹೊಸದು. ಚೆಲುವಾಂಬೆ ಎಷ್ಟೋ ಹೇಳುತ್ತಿದ್ದಳು: ಗೊಂಡೆ ಕಚ್ಚಿದ್ದು, ಎಲೆಗೆ ಬೂದಿರೋಗ ಬಂದದ್ದು, ಕಳೆ ಕೀಳುವ ಮುನಿಯಮ್ಮನ ಸೊಸೆಯ ಜಗಳ. ಹಿಂದೆ ಒಬ್ಬ ನಡೆದು ಬರುತ್ತಾನೆಂದು ಮಾತ್ರ ಹೇಳಿರಲಿಲ್ಲ. ಹೇಳುವಂಥದ್ದೇನೂ ಇರಲಿಲ್ಲವೆಂದೇ? ಅಥವಾ ಹೇಳಬಾರದ್ದೆಂದೇ?

"ಯಾರೂ ಬೇಡ," ಎಂದ. "ನಾನೇ ಬರ್ತೀನಿ."

"ನೀವಾ? ನಿಮ್ಮ ಆಣೆ..."

"ಹೂವಿನ ತೋಟ ತಾನೇ? ಎಲ್ಲಮ್ಮ ಕ್ಷಮಿಸ್ತಾಳೆ."

ನಸ್ರೀನ್ ಹೋದ ಮೇಲೆ ಹೊನ್ನಕ್ಕ ಖುಷಿಯಿಂದ ಅಡಿಕೆ ಬಾಯಿಗೆ ಹಾಕಿಕೊಂಡಳು. "ಒಳ್ಳೇದು ಮಾಡ್ದೆ. ತಾತ ಕಾಯಿಲೆ ಬಿದ್ದಾಗ ಈಚಲ ಮರ ಬೇರೆಯೋನ ಕತ್ತಿಗೆ ಒಂದು ಹನಿ ಬಿಡ್ಲಿಲ್ಲ ಅಂತ ಅವ್ವ ಹೇಳ್ತಿದ್ಲು. ಅಪ್ಪ ಹೋಗಿ ಮುಟ್ಟಿದ್ರೆ ತಟತಟ ಅಂತ ಇಳೀತಂತೆ. ಮರಕ್ಕೂ ಮನೆಯೋರು ಯಾರು, ಹೊರಗ್ನೋರು ಯಾರು ಅಂತ ಗೊತ್ತಿರತ್ತೆ ಕಣೋ."

ಆ ಮಾತನ್ನು ಅವನು ಸೆರಗಿನ ಗಂಟಿನಂತೆ ಭದ್ರವಾಗಿ ಕಟ್ಟಿಕೊಂಡು ತೋಟಕ್ಕೆ ಹೋದ.

ಒಳಗೆ ಕಾಲಿಟ್ಟವನು ಬೆರಗಾದ. ಎತ್ತರದ ಕಂಬಗಳು, ಕಂಬದಿಂದ ಕಂಬಕ್ಕೆ ತಂತಿ, ತಂತಿಯಿಂದ ಪ್ರತಿ ಕಂಬಕ್ಕೂ ಒತ್ತಿ ಇಳಿಬಿಟ್ಟ ತೆಂಗಿನ ನಾರಿನ ಹಗ್ಗ, ಹಗ್ಗವನ್ನು ತಬ್ಬಿ ಸೊಂಟದೆತ್ತರ ಏರಿ ನಿಂತ ಹಸಿರು. ಇಷ್ಟು ದಿನ ಅವಳು ಇದ್ದದ್ದು ಇಲ್ಲಿ. ಸತ್ತದ್ದೂ ಇಲ್ಲೇ. ಚಪ್ಪಲಿ ಗೇಟಿನ ಬಳಿ ಬಿಟ್ಟ. ಸ್ಮಶಾನದಲ್ಲಿ ನಿಂತಷ್ಟೇ ಭಕ್ತಿಯಿಂದ ಮೊದಲ ಕಂಬದ ಮುಂದೆ ಕೈಮುಗಿದು, ಅವಳ ಹೆಸರು ಹೇಳುತ್ತ, ಬಳ್ಳಿಯನ್ನು ಸವರುತ್ತ ಸುತ್ತತೊಡಗಿದ. ಕಳೆ ಕೀಳುವ ಹೆಂಗಸರು ಕೆಲಸ ನಿಲ್ಲಿಸಿ ನೋಡಿದರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮತ್ತೆ ಕಳೆಗೆ ಬಗ್ಗಿದರು.

ಪರದೆಯ ಮೇಲೆ ಅಲೆ ಏಳಲಿಲ್ಲ.

"ಹೊಸಬರಲ್ವಾ ಅಂಕಲ್, ಸ್ವಲ್ಪ ದಿನ ಹಿಡಿಯುತ್ತೆ," ಎಂದಳು ನಸ್ರೀನ್.

ಸ್ವಲ್ಪ ದಿನ ಹಿಡಿಯಿತು, ಇನ್ನೂ ಸ್ವಲ್ಪ ದಿನ ಹಿಡಿಯಿತು. ಬಳ್ಳಿ ಒಗ್ಗಲಿಲ್ಲ. ಅಷ್ಟೇ ಆಗಿದ್ದರೆ ಸರಿ. ಏರಿದ್ದ ಬಳ್ಳಿಗಳೇ ಸಡಿಲವಾಗಿ ಹಗ್ಗದಿಂದ ಜಾರತೊಡಗಿದವು.

"ಮಾವನ ಮನೇಲಿ ಅಳಿಯ ಮುನಿಸ್ಕೊಂಡಂಗೆ ನಿಂತವೆ ನೋಡು," ಎಂದು ಮುನಿಯಮ್ಮ ಪಕ್ಕದವಳಿಗೆ ಹೇಳಿದ್ದು ಅವನ ಕಿವಿಗೆ ಬಿತ್ತು.

"ಅಳಿಯ ಅಲ್ಲಮ್ಮ. ಸವತಿ," ಎಂದಳು ಪಕ್ಕದವಳು.

ಒಂದು ಸಂಜೆ ಸುತ್ತು ಮುಗಿಸಿ ಅವನು ಕಂಟ್ರೋಲ್ ರೂಮಿನಲ್ಲಿ ನೀರು ಕುಡಿಯುತ್ತಿದ್ದಾಗ ಪರದೆಯ ಅಂಚಿನ ಸಾಲಿನಲ್ಲಿ ಹಸಿರು ಅಲೆ ನಿಧಾನವಾಗಿ ಎದ್ದಿತು. ಕಿಟಕಿಯಿಂದ ನೋಡಿದ. ಇನ್ನಾಸಪ್ಪ ಬಿಯರ್ ಮನೆಗೆ ಹೋಗುವ ಕಾಲುದಾರಿಯಲ್ಲಿ, ಬೇಲಿಯ ಬದಿಯ ಬಳ್ಳಿಗಳಿಗೆ ನಡೆಯುತ್ತಲೇ ಬೆರಳು ತಾಕಿಸುತ್ತ ಹೋಗುತ್ತಿದ್ದ. ಹಳೆಯ ಅಭ್ಯಾಸ, ಅವನಿಗೇ ಅರಿವಿರಲಿಲ್ಲವೇನೋ. ಅವನು ದಾಟಿದಂತೆಲ್ಲ ಅಲೆ ಏಳುತ್ತಿತ್ತು. ಬೀದಿಯಲ್ಲಿ ಪರಿಚಯದವರು ಹೋದರೆ ಜಗಲಿಯ ಮೇಲಿದ್ದವರು ಎದ್ದು ನಿಲ್ಲುವ ಹಾಗೆ.

ಮೂಡಲಗಿರಿಯಪ್ಪನಿಗೆ ಮೈ ಉರಿಯಿತು. ಯಾರಾದರೂ ಏನಾದರೂ ಅಂದಿದ್ದರೆ ಸುಳ್ಳೆಂದು ತಳ್ಳಿಹಾಕಬಹುದಿತ್ತು. ಬಳ್ಳಿಗೆ ಸುಳ್ಳು ಹೇಳಲು ಬರುವುದಿಲ್ಲ. ತಾನು ತಾಳಿ ಕಟ್ಟಿದ ಹೆಂಗಸಿನ ಜೀವಮಾನದ ದುಡಿಮೆ ತನ್ನ ಕೈಯನ್ನು ಗುರುತಿಸದೆ ಇನ್ನೊಬ್ಬನ ಬೆರಳಿಗೆ ಎದ್ದು ನಿಲ್ಲುತ್ತದೆ. ಬಳ್ಳಿ ಅದನ್ನು ಕಲಿತದ್ದು ಯಾರಿಂದ?

ಆಣೆ ಮರೆತು ನೇರವಾಗಿ ಬಿಯರ್ ಮನೆಯೊಳಗೆ ನುಗ್ಗಿದ. ದೊಡ್ಡ ತಾಮ್ರದ ಹಂಡೆಯಲ್ಲಿ ಬಾರ್ಲಿಯ ಕಷಾಯ ಕುದಿಯುತ್ತಿತ್ತು. ಇನ್ನಾಸಪ್ಪ ನೊರೆ ತೆಗೆಯುತ್ತಿದ್ದವನು ಸೌಟು ಕೆಳಗಿಟ್ಟ.

"ಬನ್ನಿ ಸ್ವಾಮಿ, ಕೂತ್ಕೊಳ್ಳಿ."

"ಕೂರೋಕೆ ಬಂದಿಲ್ಲ. ಎಂಟು ವರ್ಷ ಅವಳ ಹಿಂದೆ ಯಾಕೆ ನಡೆದ್ರಿ? ಹಂಡೆ ಕಾಯೋರಿಗೆ ತೋಟದಲ್ಲಿ ಏನು ಕೆಲಸ?"

"ಕೆಲಸ ಏನಿರಲಿಲ್ಲ ಸ್ವಾಮಿ. ಒಣಗಿದ ಎಲೆ ತೆಗೀತಿದ್ದೆ. ಅದಕ್ಕೆ ಆಳುಗಳಿದ್ರು."

"ಮತ್ತೆ?"

ಇನ್ನಾಸಪ್ಪ ಕುದಿಯುವ ಹಂಡೆಯನ್ನೇ ನೋಡುತ್ತಿದ್ದ. ಮದುವೆಯಿಲ್ಲದೆ ಕೂದಲು ಬೆಳ್ಳಗಾದ ಮನುಷ್ಯ. "ಸುಳ್ಳು ಹೇಳ್ಲಾ, ನಿಜ ಹೇಳ್ಲಾ?"

"ನಿಜ ಹೇಳಿ."

"ಅವರ ಹಿಂದೆ ನಡೆಯೋದು ನನಗೆ ಇಷ್ಟ ಆಗ್ತಿತ್ತು. ಅಷ್ಟೇ. ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಲಿ ಅಂತ ನಾನೂ ಬಯಸಲಿಲ್ಲ. ಪ್ರತಿ ಭಾನುವಾರ ಚರ್ಚಿನಲ್ಲಿ ಪಾಪ ಅಂತ ಹೇಳ್ಕೊಂಡಿದೀನಿ. ಸೋಮವಾರ ಮತ್ತೆ ನಡೆದಿದೀನಿ. ಅವರು ತಮ್ಮ ಪಾಡಿಗೆ ಮಾತಾಡ್ತಾ ಹೋಗೋರು. ಹೆಚ್ಚು ನಿಮ್ಮ ವಿಷಯವೇ."

"ನನ್ನ ವಿಷಯ ಏನು?"

"ನೀವು ಗುಡಿಯೋರ ಹತ್ರ ಕರ್ಪೂರಕ್ಕೆ ಚೌಕಾಸಿ ಮಾಡಿದ್ದು. ನಿಮ್ಮ ಗೊರಕೆ."

"ನನ್ನ ಗೊರಕೆ!" ಮೂಡಲಗಿರಿಯಪ್ಪನ ದನಿ ಹಂಡೆಯೊಳಗೆ ಹೊಕ್ಕು ಪ್ರತಿಧ್ವನಿಸಿತು. "ನನ್ನ ಗೊರಕೇನೂ ನಿಮಗೆ ಗೊತ್ತು! ಇನ್ನೇನು ಉಳೀತು ನನಗೆ?"

ಇನ್ನಾಸಪ್ಪ ಹಂಡೆಯ ಉರಿ ತಗ್ಗಿಸಿದ.

"ನಾಳೆಯಿಂದ ತೋಟದ ಒಳಗೆ ಕಾಲಿಡಬೇಡಿ. ಬೇಲಿ ಹತ್ರಾನೂ ಬರಬೇಡಿ. ಹಕ್ಕು ನನ್ನದು, ನಾನು ಹೇಳ್ತಿದೀನಿ."

"ಆಗಲಿ ಸ್ವಾಮಿ," ಎಂದ ಇನ್ನಾಸಪ್ಪ.

ಎದುರುತ್ತರ ಕೊಟ್ಟಿದ್ದರೆ ಮನಸ್ಸು ಹಗುರವಾಗುತ್ತಿತ್ತು.

ಅಲ್ಲಿಂದ ಮುಂದೆ ಮೂಡಲಗಿರಿಯಪ್ಪ ಹಟ ಹಿಡಿದ. ಬೇಗ ಎದ್ದು ತಣ್ಣೀರು ಮಿಂದು, ಎಲ್ಲಮ್ಮನಿಗೆ ದೀಪ ಹಚ್ಚಿ, ಬರಿಗಾಲಲ್ಲಿ ತೋಟಕ್ಕೆ ಹೋಗುವುದು. ಒಂದು ಕಂಬವನ್ನೂ ಬಿಡದೆ ಸುತ್ತುವುದು. ಅವನ ಭಕ್ತಿ ಹೆಚ್ಚಿದಷ್ಟೂ ಬಳ್ಳಿ ಸೋತಿತು. ಸೊಂಟದೆತ್ತರ ಇದ್ದದ್ದು ಮಂಡಿಗೆ ಬಂತು. ಕೆಲವು ಹಗ್ಗ ಬಿಟ್ಟು ನೆಲದ ಮೇಲೆ ಸುರುಳಿಯಾಗಿ ಬಿದ್ದವು.

ನಸ್ರೀನ್ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. "ಅಂಕಲ್, ಈ ತಿಂಗಳು ಕಳೆಯೋದ್ರೊಳಗೆ ಬಳ್ಳಿ ಮೇಲಿನ ತಂತಿ ಮುಟ್ಟದಿದ್ರೆ ಮುಗೀತು. ಇನ್ನಾಸಪ್ಪನವರನ್ನ ಒಂದು ಸಲ..."

"ಬೇಡ."

"ಮೇಡಂ ಇಪ್ಪತ್ತು ವರ್ಷ..."

"ಬೇಡ ಅಂದ್ನಲ್ಲಮ್ಮ."

ಮಾರನೆಯ ಬೆಳಗ್ಗೆ ಅವನು ನಡುಸಾಲಿನ ಒಂದು ಕಂಬ ಸುತ್ತುತ್ತಿದ್ದ. ಹೆಂಗಸರ ಮಾತು ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಇನ್ನಾಸಪ್ಪ. ಬೇಲಿ ದಾಟಿ ಬಂದಿದ್ದ. ಪ್ಯಾಂಟಿನ ತುಂಬ ಉತ್ತರಾಣಿ ಬೀಜ ಮೆತ್ತಿಕೊಂಡಿತ್ತು.

"ಬರಬೇಡಿ ಅಂದಿದ್ದೆ."

"ಹೋಗ್ತೀನಿ ಸ್ವಾಮಿ. ಒಂದೇ ಒಂದು ಮಾತು. ಬಿಯರ್ ಮನೆ ಕಿಟಕಿಯಿಂದ ಇವತ್ತು ನಿಮ್ಮನ್ನ ನೋಡಿದೆ. ನೀವು ಎಡಕ್ಕೆ ಸುತ್ತುತ್ತಿದೀರಿ."

"ಎಡಕ್ಕೇ ಸುತ್ತಬೇಕು. ಸತ್ತವರನ್ನ ಎಡಕ್ಕಲ್ಲದೆ ಬಲಕ್ಕೆ ಯಾರು ಸುತ್ತುತ್ತಾರೆ? ಇದು ಅವಳು ಪ್ರಾಣ ಬಿಟ್ಟ ಜಾಗ."

"ಬಳ್ಳಿ ಸತ್ತಿಲ್ಲವಲ್ಲ ಸ್ವಾಮಿ," ಎಂದ ಇನ್ನಾಸಪ್ಪ.

ಮೂಡಲಗಿರಿಯಪ್ಪನ ಕೈ ಹಗ್ಗದ ಮೇಲೆ ಹಾಗೇ ನಿಂತಿತು.

ಇನ್ನಾಸಪ್ಪ ಹತ್ತಿರ ಬರಲಿಲ್ಲ. ನಿಂತಲ್ಲಿಂದ ಬೆರಳಿನಿಂದ ಗಾಳಿಯಲ್ಲಿ ಸುತ್ತು ಬರೆದು ತೋರಿಸಿದ. "ಅವರೆ ಬಳ್ಳಿ ಒಂದು ಕಡೆ ಸುತ್ತುತ್ತೆ, ಹಾಪ್ಸ್ ಇನ್ನೊಂದು ಕಡೆ. ಇದು ಯಾವಾಗಲೂ ಬಲಕ್ಕೇ, ಸೂರ್ಯ ಹೋಗೋ ದಿಕ್ಕಿಗೆ. ನೀವು ಗುಡೀಲಿ ಪ್ರದಕ್ಷಿಣೆ ಹಾಕಲ್ವಾ, ಹಾಗೆ. ಅದು ಹಗಲೆಲ್ಲಾ ಸುತ್ತಿಕೊಂಡದ್ದನ್ನ ನೀವು ಬೆಳಗ್ಗೆ ಸಂಜೆ ಬಿಚ್ಚುತ್ತಿದೀರಿ."

ಮೂಡಲಗಿರಿಯಪ್ಪ ಹೆಂಗಸರ ಕಡೆ ನೋಡಿದ. ಮುನಿಯಮ್ಮ ಕುಡುಗೋಲಿನ ಹಿಡಿಯನ್ನು ಉಜ್ಜುತ್ತ ನಿಂತಿದ್ದಳು.

"ನಮಗೂ ಕಂಡಿತ್ತು ಅಯ್ಯಾ. ಸಾವಿನ ಮನೆಯೋರಿಗೆ ಕಾಲು ತಪ್ತು ಅಂತ ಹೇಳೋದುಂಟಾ? ವರ್ಷ ತುಂಬೋ ಗಂಟ ನಿಮ್ಮೋರು ಹಿಂಗೇ ಮಾಡ್ತಾರೇನೋ ಅಂದ್ಕೊಂಡ್ವಿ."

ಓಡಿಬಂದ ನಸ್ರೀನ್ ಹಣೆ ಹಿಡಿದುಕೊಂಡಳು. "ನಾನೂ ನೋಡಿದ್ದೆ ಅಂಕಲ್. ನಿಮ್ಮ ಶಾಸ್ತ್ರ ಇರಬೇಕು, ನಾನು ಬಾಯಿ ಹಾಕಿದ್ರೆ ತಪ್ಪಾಗುತ್ತೆ ಅಂತ ಸುಮ್ಮನಾದೆ. ಬಳ್ಳಿಗೆ ಕೈ ಮಾತ್ರ ಮುಖ್ಯ, ದಿಕ್ಕು ಅಲ್ಲ ಅಂತ ನನಗೆ ನಾನೇ ಹೇಳ್ಕೊಂಡೆ. ಇಷ್ಟು ಓದಿ!"

ಎಲ್ಲರೂ ಮರ್ಯಾದೆ ಮಾಡಿದ್ದರು. ಆ ಮರ್ಯಾದೆಯಲ್ಲೇ ಬಳ್ಳಿ ಸಾಯುತ್ತಿತ್ತು. ಮರ್ಯಾದೆ ಬಿಟ್ಟು ಹೇಳಿದವನು, ಬರಬೇಡವೆನ್ನಿಸಿಕೊಂಡವನು ಒಬ್ಬನೇ. ಇನ್ನಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದರೆ, ಗಂಡ ಸೋತ ಮೇಲೆ ತೋಟ ತಾನಾಗಿ ಅವನ ಕೈಗೆ ಬರುತ್ತಿತ್ತು.

"ಯಾಕೆ ಹೇಳಿದ್ರಿ?" ಎಂದು ಮೂಡಲಗಿರಿಯಪ್ಪ ಕೇಳಿದ. ಬೈಗುಳದ ದನಿಯಲ್ಲೇ ಕೇಳಿದ.

"ಬಳ್ಳಿ ಹೋಗ್ತಿತ್ತು ಸ್ವಾಮಿ," ಎಂದು ಇನ್ನಾಸಪ್ಪ ತಿರುಗಿ ಹೊರಟ.

ಒಳ್ಳೆಯತನದಲ್ಲೂ ಇವನದೇ ಮೇಲುಗೈ. ಅದನ್ನೂ ತಡೆಯಲಾಗಲಿಲ್ಲ ಮೂಡಲಗಿರಿಯಪ್ಪನಿಗೆ. ಹಲ್ಲು ಕಚ್ಚಿ, ಕಂಬವನ್ನು ಬಲಕ್ಕಿಟ್ಟುಕೊಂಡು, ಬಲಗೈಯನ್ನು ಬಳ್ಳಿಯ ಮೇಲಿಟ್ಟು ದೇವರ ಸುತ್ತು ಸುತ್ತಿದ. ಕಂಟ್ರೋಲ್ ರೂಮಿನಿಂದ ನಸ್ರೀನ್ ಕೂಗಿದಳು: "ಎದ್ದಿದೆ! ಅಂಕಲ್, ಎದ್ದಿದೆ!"

ಎಷ್ಟು ಎದ್ದಿತ್ತು? ಕಾಲು ಭಾಗ. ಹೊಸ ಕೈಗೆ ಅದೇ ಹೆಚ್ಚು. ಆದರೆ ಹೂವಿಗೆ ಅದು ಸಾಲದು. ಇನ್ನಾಸಪ್ಪನ ಅರ್ಧವೂ ಒಂದೇ ಸಾಲದು. ಎರಡೂ ಕೂಡಿದರೆ ಸಾಕಾಗಬಹುದು, ಎಂದಳು ನಸ್ರೀನ್. ಆಮೇಲೆ ಪರದೆಯ ಕಡೆ ತಿರುಗಿ ಕುಳಿತಳು.

ಅವತ್ತೆಲ್ಲ ಅವನು ಅಂಗಡಿಯಲ್ಲಿ ಸುಮ್ಮನೆ ಕುಳಿತಿದ್ದ. ಒಬ್ಬರು ಧೂಪ ಕೇಳಿದರೆ ಜಾಪತ್ರೆ ಕಟ್ಟಿಕೊಟ್ಟ. ಮನಸ್ಸಿನಲ್ಲಿ ಒಂದು ಕೆಟ್ಟ ಯೋಚನೆ ಬಂದು ಕೂತಿತ್ತು, ಎಬ್ಬಿಸಿದರೂ ಏಳಲೊಲ್ಲದು. ಬಳ್ಳಿ ಒಣಗಿಹೋಗಲಿ. ಒಣಗಿದರೆ ತೋಟವಿಲ್ಲ, ತೋಟವಿಲ್ಲದಿದ್ದರೆ ಆ ಎಂಟು ವರ್ಷಕ್ಕೆ ಸಾಕ್ಷಿ ಇಲ್ಲ. ಆಗ ಚೆಲುವಾಂಬೆ ಪೂರ್ತಿ ತನ್ನವಳು. ಗೋಡೆಯ ಮೇಲಿನ ಎಲ್ಲಮ್ಮನ ಪಟವನ್ನು ಕಣ್ಣೆತ್ತಿ ನೋಡಲಾಗಲಿಲ್ಲ.

ಊಟಕ್ಕೆ ಕೂತಾಗ ಅಕ್ಕನಿಗೆ ಎಲ್ಲ ಹೇಳಿದ. ಕೆಟ್ಟ ಯೋಚನೆಯನ್ನೂ ಹೇಳಿದ. ಹೊನ್ನಕ್ಕ ಮುದ್ದೆ ಬಡಿಸುತ್ತಿದ್ದವಳು ಕೈ ತಡೆದಳು.

"ಸತ್ತೋಳನ್ನ ಯಾರೂ ಕದಿಯಕ್ಕಾಗಲ್ಲ ಕಣೋ. ಹೊಟ್ಟೆಕಿಚ್ಚಿಗೆ ಬದುಕಿರೋದನ್ನ ಕೊಲ್ಲಬೋದು ಅಷ್ಟೇ. ನಿನ್ನ ಹೆಂಡ್ತಿ ಹೊಟ್ಟೇಲಿ ಮಗು ಹುಟ್ಟಲಿಲ್ಲ, ಆ ಬಳ್ಳೀನೇ ಹುಟ್ಟಿದ್ದು. ಅದರ ಕತ್ತು ಹಿಸುಕಿ, ಯಾವ ಮುಖ ಇಟ್ಕೊಂಡು ಅವಳ ತಿಥಿ ಮಾಡ್ತೀಯ?"

"ಅವನು ಅವಳನ್ನ ಇಷ್ಟಪಟ್ಟಿದ್ನಂತೆ ಅಕ್ಕ. ನನ್ನ ಮುಖಕ್ಕೇ ಹೇಳಿದ."

"ಹೂಂ. ನೀನೂ ಇಷ್ಟಪಟ್ಟೆ. ನೀನು ಗೇಟಿನ ತನಕ ಹೋಗಿ ವಾಪಸ್ ಬಂದೆ. ಅವನು ಒಳಗೆ ಹೋದ. ಮುದ್ದೆ ಆರೋಗತ್ತೆ, ತಿನ್ನು."

ಮರುದಿನ ಬೆಳಗ್ಗೆ ಮೂಡಲಗಿರಿಯಪ್ಪ ಬಿಯರ್ ಮನೆಯ ಬಾಗಿಲಲ್ಲಿ ನಿಂತ. ಒಳಗೆ ಹೋಗಲಿಲ್ಲ.

"ಬನ್ನಿ," ಎಂದ. "ನಾನು ಮುಂದೆ, ನೀವು ಹಿಂದೆ."

"ಸರಿ ಸ್ವಾಮಿ."

"ಮಾತಾಡೋ ಹಾಗಿಲ್ಲ."

"ಸರಿ."

ಹೀಗೆ ಇಬ್ಬರು ಮುದುಕರು ಬೆಳಗ್ಗೆ ಸಂಜೆ ಮೌನವಾಗಿ ಒಬ್ಬರ ಹಿಂದೆ ಒಬ್ಬರು ಕಂಬ ಸುತ್ತತೊಡಗಿದರು. ಒಣಗಿದ ಎಲೆಯನ್ನು ಇನ್ನಾಸಪ್ಪ ತೆಗೆದರೆ ಮೂಡಲಗಿರಿಯಪ್ಪ ತಿರುಗಿ ದುರುಗುಟ್ಟಿಕೊಂಡು ನೋಡುತ್ತಿದ್ದ. ಹೆಂಗಸರು ನಗು ತಡೆಯಲಾರದೆ ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಆದರೆ ನೆಲಕ್ಕೆ ಬಿದ್ದ ಬಳ್ಳಿ ಹಗ್ಗ ಹುಡುಕಿ ಹಿಡಿಯಿತು. ಮಂಡಿ ದಾಟಿತು, ಸೊಂಟ ದಾಟಿತು, ತಲೆ ದಾಟಿತು. ಅದು ಮೇಲಿನ ತಂತಿಯನ್ನು ಮುಟ್ಟಿದ ದಿನ ಮೂಡಲಗಿರಿಯಪ್ಪ ನಡೆಯುತ್ತ ನಡೆಯುತ್ತ, ತಿರುಗಿ ನೋಡದೆ ಕೇಳಿದ:

"ಗೊರಕೆ ಬಗ್ಗೆ ಏನಂತಿದ್ದಳು?"

ಇನ್ನಾಸಪ್ಪ ಒಂದು ಒಣಗಿದ ಎಲೆ ಕಿತ್ತು ಹೇಳಿದ. "ಅದಿಲ್ಲದಿದ್ರೆ ನಿದ್ದೆ ಬರಲ್ಲ ಅಂತಿದ್ರು."

ಮೂಡಲಗಿರಿಯಪ್ಪ ಒಂದು ಕಂಬ ಸುತ್ತಿ ಮುಗಿಸಿದ. "ಸುಳ್ಳು ಹೇಳಬೇಡಿ," ಎಂದ ಆಮೇಲೆ.

"ಸುಳ್ಳಲ್ಲ ಸ್ವಾಮಿ. ಕೇಳೋಕೆ ನನಗೇನು ಖುಷಿಯಾಗ್ತಿತ್ತಾ?"

ಅದೊಂದು ಮಾತಿಗೆ ಮೂಡಲಗಿರಿಯಪ್ಪನಿಗೆ ಮೊದಲ ಬಾರಿಗೆ ಅನ್ನಿಸಿತು, ಈ ಎಂಟು ವರ್ಷ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ನಡೆದವನು ಇನ್ನೊಬ್ಬನೂ ಇದ್ದ ಎಂದು.

ಹೂ ಬಂತು. ಗೊಂಡೆ ತೂಗಿತು. ಕೊಯ್ದ ದಿನ ಹಂಡೆ ಕುದಿಸಿದರು. ಕಹಿಗೆಂದು ಗೊಂಡೆಯನ್ನು ಮೊದಲೇ ಹಾಕಿ ಕುದಿಸಬೇಕು, ಘಮಕ್ಕೆಂದು ಕಡೆಯಲ್ಲಿ ಇನ್ನೊಂದಿಷ್ಟು ಹಾಕಿ ಬೇಗ ಇಳಿಸಬೇಕು. ಇನ್ನಾಸಪ್ಪ ಕಡೆಯ ಬುಟ್ಟಿ ಸುರಿದಾಗ ದವನದ ವಾಸನೆ ಬಾಗಿಲ ತನಕ ಬಂದು ಮೂಡಲಗಿರಿಯಪ್ಪನನ್ನು ಹಿಡಿಯಿತು.

"ನಾನು ಮಾವಿನಹಣ್ಣಿನ ವಾಸನೆ ಇರಲಿ ಅಂತ ಜಗಳ ಆಡಿದ್ದೆ," ಎಂದ ಇನ್ನಾಸಪ್ಪ. "ಬೆಂಗಳೂರಿನೋರು ಅದನ್ನೇ ಕೇಳೋದು. ಮಾವಿನ ವಾಸನೆ ಸಸಿಗಳನ್ನೆಲ್ಲಾ ಮೇಡಂ ಕಿತ್ತೆಸೆದ್ರು. ದವನವೇ ಬೇಕು ಅಂತ. ಯಾಕೋ ನನಗೆ ಇವತ್ತಿಗೂ ಗೊತ್ತಾಗಿಲ್ಲ ಸ್ವಾಮಿ."

ಮೂಡಲಗಿರಿಯಪ್ಪನಿಗೆ ಗೊತ್ತಾಯಿತು. ಒಂದು ಚೈತ್ರದಲ್ಲಿ, ಅವನ ಮೀಸೆ ಇನ್ನೂ ಕಪ್ಪಗಿದ್ದಾಗ, ಕಾಲೇಜು ಹುಡುಗಿಯೊಬ್ಬಳು ಅಂಗಡಿಗೆ ಬಂದು ದವನದ ಕಟ್ಟನ್ನು ಮೂಗಿಗೆ ಹಿಡಿದು ಬೆಲೆ ಕೇಳುವುದನ್ನೇ ಮರೆತು ನಿಂತಿದ್ದಳು. ಎಷ್ಟೋ ಹೊತ್ತು ನಿಂತಿದ್ದಳು. ಅವನು ಬೆಲೆ ಹೇಳುವುದನ್ನು ಮರೆತಿದ್ದ.

ಅದನ್ನು ಅವನು ಇನ್ನಾಸಪ್ಪನಿಗೆ ಹೇಳಲಿಲ್ಲ. "ನನಗೇನು ಗೊತ್ತು," ಎಂದುಬಿಟ್ಟ. ಅಷ್ಟಾದರೂ ತನ್ನೊಬ್ಬನದಾಗಿ ಇರಲಿ.

ವರ್ಷದ ತಿಥಿ ಬಂತು. ಅವರ ಮನೆತನದಲ್ಲಿ ಒಂದು ಪದ್ಧತಿ: ಹೋದವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಎಡೆಯಲ್ಲಿ ಇಡಬೇಕು. ತಾತನಿಗೆ ಒಂದು ಬುರುಡೆ ಹೆಂಡ ಇಡುತ್ತಿದ್ದರು. ಆಣೆ ಮಾಡಿದ ಮೇಲೆ ಮೂಡಲಗಿರಿಯಪ್ಪ ಅದನ್ನು ನಿಲ್ಲಿಸಿದ್ದ. ಈಗ ಬಾಳೆಲೆಯ ಮೇಲೆ ಅನ್ನ, ಅವರೆಕಾಳು ಸಾರು, ಕಜ್ಜಾಯ ಎಲ್ಲ ಬಡಿಸಿಯಾದ ಮೇಲೆ ಹೊನ್ನಕ್ಕ ತಮ್ಮನ ಮುಖ ನೋಡಿದಳು. ಅವನೇ ಹೊರಗೆ ಹೋಗಿ, ಜಗಲಿಯ ಮೇಲೆ ಕುಳಿತಿದ್ದ ಇನ್ನಾಸಪ್ಪನನ್ನು ಒಳಗೆ ಕರೆದ. ಇನ್ನಾಸಪ್ಪನ ಕೈಯಲ್ಲಿ ದವನಗೊಂಡೆಯ ಬಿಯರ್ ತುಂಬಿ ಮುಚ್ಚಿದ ಹೂಜಿ ಇತ್ತು. ಅವನು ಬಗ್ಗಿ ಎಡೆಯ ಮುಂದಿನ ಲೋಟಕ್ಕೆ ಸುರಿಯಹೋದ.

"ಕೊಡಿ ಇಲ್ಲಿ," ಎಂದು ಮೂಡಲಗಿರಿಯಪ್ಪ ಹೂಜಿ ತೆಗೆದುಕೊಂಡ. "ಬಡಿಸೋದು ನಾನು."

ಆಣೆ ಇದ್ದದ್ದು ಕುಡಿಯುವುದಕ್ಕೆ. ಹೆಂಡತಿಗೆ ಬಡಿಸುವುದಕ್ಕಲ್ಲ ಎಂದು ಎಲ್ಲಮ್ಮನಿಗೆ ಮನಸ್ಸಿನಲ್ಲೇ ಹೇಳಿಕೊಂಡ. ಸ್ವಲ್ಪ ನೊರೆ ಎಲೆಯ ಮೇಲೆ ಚೆಲ್ಲಿತು. ಕರ್ಪೂರ ಹಚ್ಚಿದ. ಪಕ್ಕದಲ್ಲಿ ಇನ್ನಾಸಪ್ಪ ಹಣೆಗೂ ಎದೆಗೂ ಭುಜಗಳಿಗೂ ಬೆರಳು ಮುಟ್ಟಿಸಿ ಶಿಲುಬೆಯ ಗುರುತು ಮಾಡಿಕೊಂಡ. ಮೂಡಲಗಿರಿಯಪ್ಪ ಅವನಿಗೆ ನಿಲ್ಲಲು ಜಾಗವಾಗಲೆಂದು ಒಂದಿಷ್ಟು ಸರಿದು, ಕೈಮುಗಿದು, ಎಲ್ಲರಿಗೂ ಕೇಳುವಂತೆ ಪ್ರಾರ್ಥಿಸಿದ:

"ತಾಯೀ, ಇವಳು ದಣಿದು ನಿನ್ನ ಹತ್ತಿರ ಬಂದಿದ್ದಾಳೆ. ಏನೂ ಕೇಳಬೇಡ, ಸುಮ್ಮನೆ ಮಲಗಲು ಬಿಡು. ಇವಳು ಮಾಡಿದ್ದರಲ್ಲಿ ತಪ್ಪಿದ್ದರೆ ನನ್ನ ತಲೆಗೆ ಹಾಕು. ಇಲ್ಲಿ ಉಳಿದವರ ಹೊಟ್ಟೆಯ ಉರಿ ಅಲ್ಲಿ ಅವಳ ಮೈಗೆ ತಾಕದಿರಲಿ. ಅವಳನ್ನು ನೆನೆಯುವವರು ಎಷ್ಟು ಜನವಿದ್ದರೂ ಇರಲಿ ತಾಯೀ, ನಾನು ಸಹಿಸುತ್ತೇನೆ, ಸಹಿಸುವುದನ್ನು ನೀನೇ ಕಲಿಸು. ಅವಳ ಆತ್ಮಕ್ಕೆ ಶಾಂತಿ ಕೊಡು."